ಹೂವಿತ್ತು, ಕಾಯಿ ಕಟ್ಟಲಿಲ್ಲ

ನಮ್ಮ ಮನೆಯ ಹಿಂದಿನ ಗೋಡೆಗೆ ಹಬ್ಬಿದ್ದ ಸಿಹಿಗುಂಬಳದ ಬಳ್ಳಿಯಲ್ಲಿ ಆ ವರ್ಷ ಹೂವಿಗೆ ಬರ ಇರಲಿಲ್ಲ. ಬೆಳಗ್ಗೆ ಹಿತ್ತಲ ಬಾಗಿಲು ತೆಗೆದರೆ ಹತ್ತು ಹನ್ನೆರಡು ಹಳದಿ ಹೂ. ಒಂದೊಂದೂ ಅಂಗೈ ಅಗಲ. ಅದರಲ್ಲಿ ಒಂದೆರಡು ಹೂವಿನ ಬುಡದಲ್ಲಿ ಗೋಲಿ ಗಾತ್ರದ ಹೀಚು. ನೋಡಿದರೆ ಹೊಟ್ಟೆ ತುಂಬುತ್ತಿತ್ತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಹೀಚು ಬಣ್ಣಗೆಟ್ಟು, ಮೆತ್ತಗಾಗಿ, ಮುಟ್ಟಿದರೆ ಕಳಚಿ ಕೈಗೆ ಬರುತ್ತಿತ್ತು. ಎರಡು ತಿಂಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹೀಚು ಹಾಗೇ ಉದುರಿದವು. ಒಂದೇ ಒಂದು ಕಾಯಿ ಆಗಲಿಲ್ಲ.

ಗೊಬ್ಬರ ಸಾಲದೇನೋ ಅಂತ ಕೊಟ್ಟಿಗೆ ಗೊಬ್ಬರ ತರಿಸಿ ಹಾಕಿದೆ. ನೀರು ಸಾಲದೇನೋ ಅಂತ ದಿನಕ್ಕೆ ಎರಡು ಹೊತ್ತು ಪೈಪ್ ಹಿಡಿದೆ. ಹುಳದ ಕಾಟವೇನೋ ಅಂತ ಅಂಗಡಿಯಿಂದ ಔಷಧಿ ತಂದು ಭಾನುವಾರ ಭಾನುವಾರ ಬೆಳಗ್ಗೆ ಸಿಂಪಡಿಸಿದೆ. ಕೋಲಾರದಲ್ಲಿ ದಿನಕ್ಕೆ ಎರಡು ಹೊತ್ತು ಪೈಪ್ ಹಿಡಿಯೋದು ಅಂದರೆ ಏನು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬೀದಿಯಲ್ಲಿ 1,200 ಅಡಿ ಕೊರೆಸಿದವರಿಗೂ ಧೂಳೇ ಬಂದಿದೆ. ಟ್ಯಾಂಕರ್ ನೀರನ್ನು ನಾನು ಬಳ್ಳಿಯ ಬುಡಕ್ಕೆ ಸುರಿಯುತ್ತಿದ್ದೆ.

ನಾನು ಪ್ರೈಮರಿ ಶಾಲೆ ಟೀಚರ್. ಹದಿನೆಂಟು ವರ್ಷದಿಂದ ಬೋರ್ಡ್ ಮೇಲೆ ಹೂವಿನ ಚಿತ್ರ ಬರೆದು, ಕೇಸರ, ಶಲಾಕೆ, ಅಂಡಾಶಯ ಅಂತ ಬಾಣ ಹಾಕಿ ತೋರಿಸುತ್ತಾ ಬಂದಿದ್ದೇನೆ. ಪರಾಗಸ್ಪರ್ಶ ಎಂದರೇನು ಅಂತ ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ. ನನ್ನ ಹಿತ್ತಲಲ್ಲಿ ಅದು ನಡೆಯುತ್ತಿಲ್ಲ ಅನ್ನೋದು ಮಾತ್ರ ನನಗೆ ಹೊಳೆದಿರಲಿಲ್ಲ. ಈ ಮಾತು ನೆನೆಸಿಕೊಂಡಾಗಲೆಲ್ಲ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ನಮ್ಮ ಬಡಾವಣೆಯ ಕೊನೆಯಲ್ಲಿ ಒಂದು ಸಿಎ ಸೈಟು, ಅಂದರೆ ಸಾರ್ವಜನಿಕ ಬಳಕೆಗೆ ಅಂತ ಬಿಟ್ಟ ಜಾಗ, ಇದೆ. ಪಾರ್ಥೇನಿಯಂ ಬೆಳೆದು, ಕಟ್ಟಡದ ಮಣ್ಣು ಬಿದ್ದು, ಯಾರೂ ಕಾಲಿಡದ ಜಾಗ ಆಗಿತ್ತು. ಬಡಾವಣೆಯ ಒಂದಷ್ಟು ಜನ ಸೇರಿ ಅದನ್ನು ಹಸನು ಮಾಡಿ ಕೈತೋಟ ಮಾಡೋಣ ಅಂತ ಹೊರಟರು. ಜೊತೆಗೆ ಎಂಟು ಭಾನುವಾರ ಕ್ಲಾಸು. ಹಾಲಿನ ಬೂತಿನ ಗೋಡೆಗೆ ಚೀಟಿ ಅಂಟಿಸಿದ್ದರು: ಜೇನು, ದುಂಬಿ, ಚಿಟ್ಟೆಗೆ ಬೇಕಾದ ಗಿಡ, ಕಮ್ಮಿ ನೀರಿನ ತೋಟ, ಬೆಳಗ್ಗೆ ಆರೂವರೆಗೆ ಬನ್ನಿ. ನಾನು ಹೋಗಿದ್ದು ಜೇನಿಗಲ್ಲ. ನೀರಿನ ಬಿಲ್ಲು ಇಳಿಯಲಿ ಅಂತ.

ಪಾಠ ಹೇಳುತ್ತಿದ್ದವರು ಇಬ್ಬರು. ಒಬ್ಬಳು ಇಲ್ಲೇ ಟಮಕದ ತೋಟಗಾರಿಕೆ ಕಾಲೇಜಿನಲ್ಲಿ ಓದಿದ ಹುಡುಗಿ. ವಯಸ್ಸಿನಲ್ಲಿ ನನ್ನ ಅಣ್ಣನ ಮಗಳಷ್ಟು. ನಾವು ಮೇಡಂ ಅಂತಿದ್ದೆವು, ಅವಳು ನಮ್ಮನ್ನೆಲ್ಲ ಅಕ್ಕ, ಅಂಕಲ್ ಅಂತಿದ್ದಳು. ಇನ್ನೊಬ್ಬರು ವೇಮಗಲ್ ಕಡೆಯ ಒಬ್ಬ ತಾತ. ಅವರ ತಂದೆ ಊರಿನ ಕೆರೆಗೆ ನೀರಗಂಟಿ ಆಗಿದ್ದವರಂತೆ. ಹೊಸ ಕಾಲದ ಮಕ್ಕಳಿಗೆ ಈ ಪದ ಗೊತ್ತಿಲ್ಲ. ಕೆರೆಯ ತೂಬು ಎತ್ತೋರು, ಇಳಿಸೋರು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹೇಳೋರು ನೀರಗಂಟಿಗಳು. ಅವರ ಕೂಲಿ ಕಣದಲ್ಲಿ ಕಾಳಿನ ರೂಪದಲ್ಲಿ ಬರುತ್ತಿತ್ತು.

ಮೊದಲ ಭಾನುವಾರ ಮೇಡಂ ಯಾರಿಗೂ ಗುದ್ದಲಿ ಮುಟ್ಟಿಸಲಿಲ್ಲ. ಒಂದೊಂದು ಚೀಟಿ, ಒಂದೊಂದು ಪೆನ್ಸಿಲ್ ಕೊಟ್ಟಳು. "ಒಬ್ಬೊಬ್ಬರು ಒಂದೊಂದು ಗಿಡದ ಮುಂದೆ ಕೂತ್ಕೊಳ್ಳಿ. ಹದಿನೈದು ನಿಮಿಷ. ಹೂವಿಗೆ ಯಾರು ಬಂದರು ಅಂತ ಗೆರೆ ಹಾಕಿ, ಸಾಕು" ಅಂದಳು.

ನನ್ನ ಪಾಲಿಗೆ ಬಂದಿದ್ದು ಬೇಲಿ ಪಕ್ಕ ತಾನಾಗಿ ಬೆಳೆದಿದ್ದ ಒಂದು ಕಾಮಕಸ್ತೂರಿ ಪೊದೆ. ಮೊದಲ ಎರಡು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಕಣ್ಣು ಹೊಂದಿಕೊಂಡಿತು. ಮೊದಲು ಬಂದಿದ್ದು ತುಡುವೆ ಜೇನು. ಹಿಂದಿನ ಕಾಲಿಗೆ ಪರಾಗದ ಉಂಡೆ ಅಂಟಿಕೊಂಡಿತ್ತು. ಅದರ ಹಿಂದೆ ಅದಕ್ಕಿಂತ ಸಣ್ಣದಾದ, ಹೊಟ್ಟೆಗೆ ಕೆಂಪು ಬಳಿದಂತಿದ್ದ ಕೋಲುಜೇನು. ಆಮೇಲೆ ಸೊಳ್ಳೆಯಷ್ಟೇ ಇರುವ ಕೊಂಡಿಯಿಲ್ಲದ ಜೇನು. ಗಾಳಿಯಲ್ಲಿ ನಿಂತ ಕಡೆಯೇ ನಿಂತು, ತಟ್ಟನೆ ಪಕ್ಕಕ್ಕೆ ಸರಿಯುವ ಪಟ್ಟೆ ಪಟ್ಟೆಯ ಒಂದು ನೊಣ. ಉಗುರಿನಷ್ಟು ನೀಲಿ ಚಿಟ್ಟೆ. ಹದಿನೈದು ನಿಮಿಷಕ್ಕೆ ನನ್ನ ಚೀಟಿಯಲ್ಲಿ 31 ಗೆರೆ. ಯಾರೂ ನೀರು ಹಾಕದ, ಯಾರೂ ನೆಡದ ಒಂದು ಪೊದೆಗೆ 31 ಸಲ ಬಂದು ಹೋಗಿದ್ದರು.

ಮಾರನೇ ದಿನ ಬೆಳಗ್ಗೆ ಆರೂವರೆಗೆ ನಮ್ಮ ಕುಂಬಳದ ಬಳ್ಳಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಎಂಟು ಹೂ ಅರಳಿದ್ದವು. ಹದಿನೈದು ನಿಮಿಷ ಆಯಿತು, ಅರ್ಧ ಗಂಟೆ ಆಯಿತು. ಒಂದೂ ಬರಲಿಲ್ಲ. ಶಾಲೆಗೆ ಹೊತ್ತಾಯಿತು ಅಂತ ಎದ್ದಾಗ ಚೀಟಿ ಖಾಲಿ.

ಮುಂದಿನ ವಾರ ಆ ಖಾಲಿ ಚೀಟಿ ತೋರಿಸಿದೆ. ಮೇಡಂ ನಗಲಿಲ್ಲ, ಬೈಯಲಿಲ್ಲ. ಸೈಟಿನಲ್ಲಿದ್ದ ಕುಂಬಳದ ಬಳ್ಳಿ ಹತ್ತಿರ ಕರೆದುಕೊಂಡು ಹೋಗಿ ಎರಡು ಹೂ ತೋರಿಸಿದಳು. ತೊಟ್ಟು ಉದ್ದಕ್ಕೆ, ತೆಳ್ಳಗೆ ಇರುವುದು ಗಂಡು ಹೂ. ಬುಡದಲ್ಲಿ ಪುಟ್ಟ ಕಾಯಿ ಇಟ್ಟುಕೊಂಡೇ ಹುಟ್ಟುವುದು ಹೆಣ್ಣು ಹೂ. ನಾವು ಹೀಚು ಅಂತ ಸಂಭ್ರಮ ಪಡೋದು ಇನ್ನೂ ಹೀಚಲ್ಲ. ಗಂಡು ಹೂವಿನ ಪರಾಗ ಯಾರಾದರೂ ಹೊತ್ತು ತಂದು ಹೆಣ್ಣು ಹೂವಿಗೆ ಮುಟ್ಟಿಸಿದರೆ ಮಾತ್ರ ಅದು ಕಾಯಿ. ಇಲ್ಲದಿದ್ದರೆ ಬಳ್ಳಿಯೇ ಅದನ್ನು ಉದುರಿಸಿಬಿಡುತ್ತದೆ. ಕುಂಬಳದ ಪರಾಗ ಜಿಗುಟು, ಭಾರ. ಗಾಳಿಗೆ ಹಾರಲ್ಲ. ಹೂ ಬೆಳಗಿನ ಜಾವ ಅರಳಿ ಹತ್ತು ಹನ್ನೊಂದಕ್ಕೆಲ್ಲ ಮುದುಡುತ್ತದೆ. ಆ ನಾಲ್ಕೈದು ಗಂಟೆಯೊಳಗೆ ಜೇನು ಬಂದರೆ ಬಂತು, ಇಲ್ಲದಿದ್ದರೆ ಆ ಹೂವಿನ ಕತೆ ಮುಗಿಯಿತು.

ಅವಳೇ ಒಂದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಿ ತೋರಿಸಿದಳು. ನಾನು ಮನೆಗೆ ಬಂದು ಹಾಗೇ ಮಾಡಿದೆ. ಆ ಕಾಯಿ ನಿಂತಿತು. ಹತ್ತು ದಿನದಲ್ಲಿ ನಿಂಬೆ ಗಾತ್ರ ದಾಟಿ, ಮೂಸಂಬಿ ದಾಟಿ, ತೆಂಗಿನಕಾಯಿ ಗಾತ್ರಕ್ಕೆ ಬಂತು. ಖುಷಿಯಿಂದ ಹೇಳಲು ಹೋದರೆ ಮೇಡಂ ಅಂದಳು: "ಅಕ್ಕ, ನೀವು ಒಂದು ಬಳ್ಳಿಗೆ ಮಾಡಬಹುದು. ಶ್ರೀನಿವಾಸಪುರದ ಮಾವಿನ ತೋಪಿಗೆ ಯಾರು ಮಾಡ್ತಾರೆ?"

ಮಾವಿನ ಹೂವಿಗೆ ಹೆಚ್ಚಾಗಿ ಬರೋದು ನೊಣಗಳಂತೆ. ನಾವು ಅಸಹ್ಯ ಪಡುವ ನೊಣ! ಸಣ್ಣ ಜೇನು ಕೂಡ ಬರುತ್ತವೆ, ಆದರೆ ಆ ಗೊಂಚಲು ಹೂವಿನ ವಾಸನೆ ನೊಣಗಳನ್ನೇ ಕರೆಯುವಂಥದ್ದು. ನಾನು ಹುಟ್ಟಿದಾಗಿನಿಂದ ಮಾವು ತಿಂದಿದ್ದೇನೆ. ಈ ಮಾತು ಕೇಳಿದ್ದು ನಲವತ್ತೆರಡನೇ ವಯಸ್ಸಿಗೆ.

ಇನ್ನು ಔಷಧಿಯ ವಿಷಯ. ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿತ್ತು. ಅಂಗಡಿಯಲ್ಲಿ ಒಂದು ಬಾಟಲಿ ಕೊಟ್ಟರು. ಅದನ್ನು ದಾಸವಾಳಕ್ಕೂ ಹೊಡೆದೆ, ಮಿಕ್ಕಿದ್ದನ್ನು ಕುಂಬಳಕ್ಕೂ ಹೊಡೆದೆ. ಬೆಳಗ್ಗೆ ಏಳು ಗಂಟೆಗೆ, ಹೂ ಅರಳಿದ್ದ ಹೊತ್ತಿಗೆ. ಮೂರನೇ ವಾರ ಆ ಬಾಟಲಿ ತೆಗೆದುಕೊಂಡು ಹೋಗಿ ತೋರಿಸಿದೆ. ಇಮಿಡಾಕ್ಲೋಪ್ರಿಡ್ ಅಂತ ಬರೆದಿತ್ತು. ಇದು ಎಲೆ ಮೇಲೆ ಕೂತು ಒಣಗಿ ಹೋಗುವ ಔಷಧಿಯಲ್ಲ. ಗಿಡವೇ ಅದನ್ನು ಹೀರಿಕೊಳ್ಳುತ್ತದೆ, ಹೂವಿನ ಪರಾಗಕ್ಕೂ ಮಕರಂದಕ್ಕೂ ತಂದುಬಿಡುತ್ತದೆ. ಯುರೋಪಿನ ಒಕ್ಕೂಟದ ದೇಶಗಳು 2018ರಲ್ಲಿ ಇದನ್ನೂ ಇದರ ಜಾತಿಯ ಇನ್ನೆರಡನ್ನೂ ಬಯಲಿನ ಬೆಳೆಗೆ ಬಳಸುವುದನ್ನು ನಿಲ್ಲಿಸಿದವು, ಜೇನಿನ ಕಾರಣಕ್ಕೇ. ಮೇಡಂ ಇದನ್ನೆಲ್ಲ ಹೇಳುವಾಗ ನನಗೆ ಒಂದು ಭಾನುವಾರ ನೆನಪಾಯಿತು. ಔಷಧಿ ಹೊಡೆದು ಕೈ ತೊಳೆದುಕೊಂಡು ಬಂದಾಗ ಪ್ಯಾರಪೆಟ್ ಗೋಡೆ ಮೇಲೆ ಒಂದು ಜೇನು ಬೆನ್ನಡಿಯಾಗಿ ಬಿದ್ದು ಕಾಲು ಆಡಿಸುತ್ತಿತ್ತು. ಹೊಟ್ಟೆಯ ಮೇಲೆ ನೀಲಿ ಪಟ್ಟೆ. ಎಷ್ಟು ಚೆನ್ನಾಗಿದೆ ಅಂತ ಮಗನನ್ನು ಕರೆದು ತೋರಿಸಿದ್ದೆ. ಅದು ಯಾಕೆ ಬಿದ್ದಿದೆ ಅಂತ ಯೋಚಿಸಿರಲಿಲ್ಲ.

ಆ ನೀಲಿ ಪಟ್ಟೆಯ ಜೇನಿನ ಬಗ್ಗೆ ಆಮೇಲೆ ಹುಚ್ಚು ಹಿಡಿದವಳಂತೆ ತಿಳಿದುಕೊಂಡೆ. ನಮ್ಮ ಜಿಲ್ಲೆ ಟೊಮೆಟೊಗೆ ಹೆಸರುವಾಸಿ. ಇಲ್ಲಿನ ಎಪಿಎಂಸಿ ಯಾರ್ಡಿನಲ್ಲಿ 15 ಕೆ.ಜಿ.ಯ ಬಾಕ್ಸುಗಳು ಬೆಟ್ಟದಂತೆ ಪೇರಿಸಿರೋದನ್ನು ನೋಡದ ಕೋಲಾರದವರಿಲ್ಲ. ಟೊಮೆಟೊ ಹೂವಿನಲ್ಲಿ ಪರಾಗ ಹೊರಗೆ ಉದುರಿಕೊಂಡು ಇರುವುದಿಲ್ಲ. ಒಂದು ಸಣ್ಣ ಕೊಳವೆಯೊಳಗೆ, ಉಪ್ಪಿನ ಡಬ್ಬಿಯಲ್ಲಿ ಉಪ್ಪು ಇರುವ ಹಾಗೆ ಇರುತ್ತದೆ. ಅಲುಗಾಡಿಸಿದರೆ ತುದಿಯಿಂದ ಉದುರುತ್ತದೆ. ಗಾಳಿಗೂ ಒಂದಷ್ಟು ಉದುರಿ ಕಾಯಿ ಕಟ್ಟುತ್ತದೆ. ಆದರೆ ಚೆನ್ನಾಗಿ ಅಲುಗಾಡಿಸೋಕೆ ಬರೋದು ಕೆಲವು ದುಂಬಿಗಳಿಗೆ ಮಾತ್ರ. ನೀಲಿ ಪಟ್ಟೆಯ ಜೇನು ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಆಡಿಸದೆ, ಎದೆಯ ಸ್ನಾಯುಗಳನ್ನು ನಡುಗಿಸುತ್ತದೆ. ಝುಂಯ್ ಅಂತ ಒಂದು ಗಟ್ಟಿ ಸದ್ದು. ಹೂವಿಡೀ ನಡುಗಿ ಪರಾಗ ಅದರ ಹೊಟ್ಟೆ ಮೇಲೆ ಸುರಿಯುತ್ತದೆ. ಕರ್ರಗೆ ದಪ್ಪಗೆ ಇರುವ, ಒಣಮರ ಕೊರೆಯುವ ದುಂಬಿಗೂ ಈ ವಿದ್ಯೆ ಗೊತ್ತು. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಗೊತ್ತಿಲ್ಲ. ಬದನೆ ಹೂವಿನ ಹತ್ತಿರ ಬೆಳಗ್ಗೆ ಸುಮ್ನೆ ಕಿವಿಗೊಟ್ಟು ನಿಂತರೆ ಈ ಸದ್ದು ಕೇಳಿಸುತ್ತದೆ. ಹಾರುವಾಗಿನ ಸದ್ದಿಗಿಂತ ಬೇರೆ, ಒಂದು ಸ್ವರ ಮೇಲಕ್ಕೆ.

ಇದರ ಮನೆ ಎಲ್ಲಿ ಅಂದುಕೊಂಡಿರಿ? ಮಣ್ಣಿನಲ್ಲಿ. ಗೂಡಿಲ್ಲ, ರಾಣಿಯಿಲ್ಲ, ಸೈನ್ಯವಿಲ್ಲ. ಒಂದೊಂದು ಹೆಣ್ಣೂ ತನ್ನ ಪಾಡಿಗೆ ಮೆತ್ತನೆ ಮಣ್ಣಲ್ಲೋ ಹಳೇ ಮಣ್ಣಿನ ಗೋಡೆಯಲ್ಲೋ ಬಿಲ ತೋಡಿ ಮೊಟ್ಟೆ ಇಡುತ್ತದೆ. ನಮ್ಮ ಬೀದಿಯಲ್ಲಿ ಮನೆ ಸುತ್ತ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿದ್ದೇವೆ, ಉಳಿದ ಕಡೆ ಟೈಲ್ಸ್. ಅವು ಎಲ್ಲಿಗೆ ಹೋಗಬೇಕು? ಗಂಡುಗಳಿಗಂತೂ ಬಿಲವೂ ಇಲ್ಲ. ಒಂದು ಸಂಜೆ ಆರೂಮುಕ್ಕಾಲಿಗೆ ಮೇಡಂ ನಮ್ಮಲ್ಲಿ ನಾಲ್ಕು ಜನರನ್ನು ಸೈಟಿಗೆ ಕರೆದಿದ್ದಳು. ಒಣಗಿ ನಿಂತಿದ್ದ ತುಳಸಿ ಕಡ್ಡಿಗೆ ಮೊಬೈಲ್ ಟಾರ್ಚನ್ನು ಕೈಯಲ್ಲಿ ಮರೆಮಾಡಿ ಹಿಡಿದಳು. ಕಡ್ಡಿಯ ಉದ್ದಕ್ಕೂ ಒಂದರ ಕೆಳಗೆ ಒಂದು, ಏಳು ಜೇನು. ಬಾಯಿಯಿಂದ ಕಡ್ಡಿಯನ್ನು ಕಚ್ಚಿ ಹಿಡಿದು, ಕಾಲು ಮಡಚಿಕೊಂಡು ಹಾಗೇ ನಿದ್ದೆ ಹೋಗಿದ್ದವು. ಗಾಳಿಗೆ ಕಡ್ಡಿ ತೂಗಿದರೆ ಅವೂ ತೂಗುತ್ತಿದ್ದವು. ನಾವು ಯಾರೂ ಮಾತಾಡಲಿಲ್ಲ. ವಾಪಸ್ ಬರುವಾಗ ಪಕ್ಕದ ಬೀದಿಯ ಆಂಟಿ ಒಬ್ಬರು ಹೇಳಿದರು, "ನಾನು ಪ್ರತಿ ಶುಕ್ರವಾರ ಒಣಕಡ್ಡಿ ಎಲ್ಲ ಕತ್ತರಿಸಿ ಕ್ಲೀನ್ ಮಾಡ್ತೀನಿ ಕಣ್ರೀ." ಅವರ ದನಿ ಸಣ್ಣಗಾಗಿತ್ತು.

ನೀರಿನ ಪಾಠ ತಾತನದು. ಅವರು ಹೆಚ್ಚು ಮಾತಾಡುವವರಲ್ಲ. ನಾನು ದಿನಕ್ಕೆ ಎರಡು ಹೊತ್ತು ಪೈಪ್ ಹಿಡಿಯುತ್ತೇನೆ ಅಂದಾಗ ಕೇಳಿದರು: "ಮಣ್ಣಿಗೆ ಬೆರಳು ಇಳಿಸಿ ನೋಡಿದ್ಯೇನಮ್ಮ?" ನೋಡಿರಲಿಲ್ಲ. ಎರಡು ಗೆಣ್ಣು ಒಳಗೆ ತೇವ ಇದ್ದರೆ ಆ ದಿನ ನೀರು ಬೇಡ. ಮೇಲೆ ಮೇಲೆ ದಿನಾ ನೀರು ಬಿದ್ದರೆ ಬೇರು ಆಳಕ್ಕೆ ಇಳಿಯೋ ಕಷ್ಟವನ್ನೇ ತಗೊಳ್ಳಲ್ಲ. ಒಂದು ದಿನ ನೀರು ತಪ್ಪಿದರೆ ಬಾಡುತ್ತದೆ.

ಮಡಕೆ ಹೂಳೋದನ್ನು ಅವರಿಂದಲೇ ಕಲಿತೆ. ಐದು ಲೀಟರಿನ ಮಾಮೂಲಿ ಮಣ್ಣಿನ ಮಡಕೆ, ಬಣ್ಣ ಬಳಿಯದ್ದು, ಪಾಲಿಶ್ ಇಲ್ಲದ್ದು. ಕೊಳ್ಳುವ ಮುಂಚೆ ನೀರು ತುಂಬಿ ಸ್ವಲ್ಪ ಹೊತ್ತು ಬಿಟ್ಟು ಹೊರಮೈ ಸವರಿ ನೋಡಬೇಕು. ಬೆವರಿದರೆ ಒಳ್ಳೆ ಮಡಕೆ. ಅದನ್ನು ಪಾತಿಯ ನಡುವೆ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಸೊಳ್ಳೆ ಮೊಟ್ಟೆ ಇಡದ ಹಾಗೆ ಮುಚ್ಚಳ ಮುಚ್ಚಬೇಕು. ಸುತ್ತ ಬದನೆಯೋ ಟೊಮೆಟೊನೋ ಹಾಕಿದರೆ, ಮಣ್ಣು ಒಣಗಿದಷ್ಟೂ ಮಡಕೆ ನೀರು ಬಿಡುತ್ತದೆ. ಮಣ್ಣು ತೇವ ಇದ್ದರೆ ತಡೆದುಕೊಳ್ಳುತ್ತದೆ. ಬೇರುಗಳು ಮಡಕೆಯನ್ನು ತಬ್ಬಿಕೊಂಡು ಬೆಳೆಯುತ್ತವೆ. ಬೇಸಿಗೆಯಲ್ಲೂ ಮೂರು ದಿನಕ್ಕೊಮ್ಮೆ ತುಂಬಿದರೆ ನಮಗೆ ಸಾಕಾಯಿತು. ನಮ್ಮ ಕಡೆಯ ಬೋರ್ ನೀರು ಗಡಸು. ಆರು ತಿಂಗಳಲ್ಲಿ ಮಡಕೆಯ ಮೈಗೆ ಬಿಳಿ ಪೊರೆ ಕಟ್ಟಿ ಬೆವರೋದು ನಿಲ್ಲುತ್ತದೆ. ಆಗ ಎತ್ತಿ ತೆಂಗಿನ ನಾರಿನಲ್ಲಿ ಚೆನ್ನಾಗಿ ಉಜ್ಜಬೇಕು. ಇದು ನಾನೇ ಕಂಡುಕೊಂಡಿದ್ದು. ಹಾಗೇ ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ನೇರ ಕುಂಡಕ್ಕೆ ಹಾಕೋರು ತುಂಬ ಜನ ಇದ್ದಾರೆ. ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ. ಕುಂಡದಲ್ಲಿ ದಿನಾ ಹಾಕಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ನೆಲ ಒರೆಸೋಕೆ ಇಟ್ಟುಕೊಳ್ಳಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಗಿಡಕ್ಕೆ ಒಳ್ಳೆಯದು.

ಒಂದು ದಿನ ತಾತ ಲೆಕ್ಕ ಹಾಕಿಸಿದರು. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮದು 30-40 ಸೈಟು. ಸೈಟಿನಷ್ಟೂ ತಾರಸಿ ಅಂದುಕೊಂಡರೆ ಸುಮಾರು 111 ಚದರ ಮೀಟರ್. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ಐದರಲ್ಲಿ ಒಂದು ಪಾಲು ಆವಿಯಾಗಿ, ಸೋರಿ ಹೋಯಿತು ಅಂತ ಕಳೆದರೂ 60,000 ಲೀಟರ್ ಮೇಲೆ. 5,000 ಲೀಟರಿನ ಟ್ಯಾಂಕರ್ ಹನ್ನೆರಡು! ಅಷ್ಟನ್ನೂ ನಾವು ಪೈಪಿನಲ್ಲಿ ರಸ್ತೆಗೆ ಬಿಟ್ಟು, ಮತ್ತೆ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೆವು. ಈ ಲೆಕ್ಕವನ್ನು ನಾನು ಮಾರನೇ ದಿನವೇ ಐದನೇ ಕ್ಲಾಸಿನ ಮಕ್ಕಳಿಗೆ ಹಾಕಿಸಿದೆ. ಒಬ್ಬ ಹುಡುಗ ಕೇಳಿದ, "ಮಿಸ್, ನಮ್ಮ ಸ್ಕೂಲ್ ತಾರಸಿ ಎಷ್ಟಿದೆ?" ಟೇಪು ಹಿಡಿದುಕೊಂಡು ಎಲ್ಲರೂ ಮೇಲೆ ಹತ್ತಿದೆವು.

ನೀರಿನ ಮಾತು ಬಂದರೆ ಕೆರೆ ಮಾತು ಬಾರದೆ ಇರದು. ವರ್ಷವಿಡೀ ಹರಿಯುವ ನದಿ ಇಲ್ಲದ ನಾಡು ನಮ್ಮದು. ಹಿಂದಿನವರು ಬಿದ್ದ ಮಳೆಯನ್ನು ಕೆರೆಯಿಂದ ಕೆರೆಗೆ ದಾಟಿಸಿ ಬದುಕಿದರು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೆಸಿ ವ್ಯಾಲಿ ಯೋಜನೆಯಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟಾಗ ನಾವೂ ನೋಡಲು ಹೋಗಿದ್ದೆವು. ಮುಂದಿನ ತಿಂಗಳೇ ನೊರೆ ಬಂದಾಗ ಹೆದರಿದ್ದೂ ಹೌದು, ಆಮೇಲೆ ಬತ್ತಿದ ಬೋರುಗಳಲ್ಲಿ ನೀರು ಬಂದಾಗ ಸಮಾಧಾನ ಪಟ್ಟಿದ್ದೂ ಹೌದು. 2021ರ ನವೆಂಬರಿನ ಮಳೆಗೆ ಕೆರೆಗಳು ಕೋಡಿ ಹರಿದಾಗ ಜನ ಪೂಜೆ ಮಾಡಿ ಬಾಗಿನ ಕೊಟ್ಟರು. ಕೆಸಿ ವ್ಯಾಲಿಯ ನೀರನ್ನು ಇನ್ನೂ ಒಂದು ಹಂತ ಶುದ್ಧ ಮಾಡಿ ಕೊಡಿ ಅಂತ ಕೇಳುವವರ ಪರ ನಾನಿದ್ದೇನೆ. ಆದರೆ ಯಾರೋ ಕಳಿಸುವ ನೀರಿಗೆ ಕಾಯುವ ಜೊತೆಗೆ, ತಲೆ ಮೇಲೆ ಬೀಳುವ ನೀರನ್ನು ಹಿಡಿಯೋದು ನಮ್ಮ ಕೈಯಲ್ಲೇ ಇದೆ ಅಲ್ವಾ.

ಆರನೇ ವಾರ ಅಮ್ಮ ಊರಿಂದ ಬಂದಿದ್ದರು. ಮುಳಬಾಗಿಲು ಕಡೆಯ ನಮ್ಮ ಊರಲ್ಲಿ ಒಂದೂವರೆ ಎಕರೆ ಹೊಲ ಇದೆ. ಮನೆಯಲ್ಲಿ ಒಬ್ಬರೇ ಕೂರೋದು ಬೇಡ ಅಂತ ಕ್ಲಾಸಿಗೆ ಕರೆದುಕೊಂಡು ಹೋದೆ. ಅವತ್ತಿನ ಪಾಠ, ಮಳೆ ನೀರಲ್ಲೇ ಬರುವ, ಜೇನಿಗೂ ಆಗುವ ಗಿಡಗಳನ್ನು ಸಾಲು ಹಾಕೋದು. ಮೇಡಂ ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ವಿವರಿಸುತ್ತಿದ್ದಳು. ನಡುವೆ ತರಕಾರಿ, ಅಂಚಿಗೆ ಹೂ ಬಿಡುವಂಥದ್ದು, ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಹೂ ಬಿಡಬೇಕು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು, "ಇದು ಅಕ್ಕಡಿ ಸಾಲು ಅಲ್ವೇನೇ?"

ಮೇಡಂ ಕಡ್ಡಿ ಕೆಳಗಿಟ್ಟಳು. "ಅಜ್ಜಿ, ನೀವೇ ಹೇಳಿ" ಅಂತ ಕೂರಿಸಿದಳು.

ಅಮ್ಮ ಹೇಳಿದರು. ರಾಗಿ ಬಿತ್ತುವಾಗ ಏಳೆಂಟು ಸಾಲು ರಾಗಿ ಆದ ಮೇಲೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಒಂದಿಷ್ಟು ಜೋಳ, ಅಲ್ಲಲ್ಲಿ ಹರಳು. ಹೊಲದ ಅಂಚಿಗೆ ಹುಚ್ಚೆಳ್ಳು, ಸಾಸಿವೆ. ಕೂರಿಗೆ ಮುಂದೆ ಹೋಗುತ್ತಿದ್ದರೆ ಹಿಂದೆ ಮಡಿಲಲ್ಲಿ ಕಾಳು ಕಟ್ಟಿಕೊಂಡು ಬಿಡುತ್ತಾ ಬರೋದು ಅಮ್ಮನ ಕೆಲಸ. ಮನೆಗೆ ಬೇಳೆ, ಎಣ್ಣೆ, ಒಗ್ಗರಣೆಗೆ ಸಾಸಿವೆ, ದೀಪಕ್ಕೆ ಹರಳೆಣ್ಣೆ ಎಲ್ಲ ಆ ಒಂದು ಸಾಲಿನಿಂದ ಬರುತ್ತಿತ್ತು. "ಹುಚ್ಚೆಳ್ಳು ಹೂ ಬಿಟ್ಟಾಗ ಹೊಲ ಅನ್ನೋದು ಗುಂಯ್ ಅಂತಿತ್ತು. ಬದುವಿನ ಮೇಲೆ ನಿಂತರೆ ಮಾತು ಕೇಳಿಸ್ತಿರಲಿಲ್ಲ."

ನಾನು ಆ ಹೊಲದಲ್ಲಿ ಬೆಳೆದವಳು. ಆ ಹಳದಿ ಅಂಚು ನನ್ನ ಕಣ್ಣಲ್ಲಿ ಈಗಲೂ ಇದೆ. ಅದು ಚೆಂದಕ್ಕೆ ಅಂತ ಅಂದುಕೊಂಡಿದ್ದೆ. ರಾಗಿಗೆ ಜೇನಿನ ಹಂಗಿಲ್ಲ, ತನ್ನ ಹೂವಿಗೆ ತಾನೇ ಸಾಕು. ಹುಚ್ಚೆಳ್ಳು ಹಾಗಲ್ಲ. ಒಂದು ಗಿಡದ ಪರಾಗ ಅದೇ ಗಿಡಕ್ಕೆ ಒಗ್ಗುವುದಿಲ್ಲ. ಜೇನು ಬಾರದಿದ್ದರೆ ಹೂವೆಲ್ಲ ಜೊಳ್ಳು. ಅಂದರೆ ಅಮ್ಮ ಬಿತ್ತುತ್ತಿದ್ದದ್ದು ಮನೆಗೆ ಎಣ್ಣೆ ಮಾತ್ರ ಅಲ್ಲ. ಜೇನು ಬಂದೇ ಬರುತ್ತವೆ ಅನ್ನೋ ನಂಬಿಕೆಯನ್ನೂ ಬಿತ್ತುತ್ತಿದ್ದರು. ಬಂದ ಜೇನು ಹುಚ್ಚೆಳ್ಳು ಮುಗಿಸಿ ತೊಗರಿಗೆ, ಅವರೆಗೆ, ಬೇಲಿಯ ತುಂಬೆಗೆ, ಮನೆ ಹಿಂದಿನ ಕುಂಬಳಕ್ಕೆ ಹೋಗುತ್ತಿದ್ದವು. ಅಜ್ಜಿಯ ಕಾಲದಲ್ಲಿ ಕುಂಬಳದ ಹೀಚು ಉದುರಿತು ಅಂತ ಯಾರೂ ತಲೆ ಕೆಡಿಸಿಕೊಂಡಿದ್ದು ನಾನು ಕೇಳಿಲ್ಲ. ಈ ಎಲ್ಲ ಬೆಳೆಗೂ ಮಳೆ ಬಿಟ್ಟರೆ ಬೇರೆ ನೀರೇ ಇರಲಿಲ್ಲ. ನಾವು ಕ್ಲಾಸಿನಲ್ಲಿ ಜೇನಿನ ಪಾಠ ಬೇರೆ, ನೀರಿನ ಪಾಠ ಬೇರೆ ಅಂತ ಎರಡು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆವು. ಅಮ್ಮನ ಹೊಲದಲ್ಲಿ ಅದು ಒಂದೇ ಸಾಲು.

ಆ ಸಾಲು ಹೋಗಿದ್ದು ಹೇಗೆ ಅಂತಲೂ ಅಮ್ಮ ಹೇಳಿದರು. ಸುತ್ತಮುತ್ತ ರಾಗಿ ಹೊಲಗಳು ನೀಲಗಿರಿ ತೋಪಾದವು. ಕೂಲಿಗೆ ಜನ ಸಿಗಲಿಲ್ಲ, ನೀಲಗಿರಿಗೆ ಕೂಲಿ ಬೇಡ. ಕಳೆನಾಶಕ ಬಂದ ಮೇಲೆ ಮಿಶ್ರ ಬೆಳೆ ತೊಂದರೆ ಅನ್ನಿಸಿತು. ಎಣ್ಣೆ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಬಂತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬೇಡಿ ಅಂದಿತು. ಅಷ್ಟು ಹೊತ್ತಿಗೆ ನಮ್ಮ ಮನೆಯ ಹುಚ್ಚೆಳ್ಳು ಬೀಜದ ಗಡಿಗೆ ಖಾಲಿಯಾಗಿತ್ತು. ರೈತರನ್ನು ದೂರೋಕೆ ನನಗೆ ಮನಸ್ಸಿಲ್ಲ. ನಮ್ಮ ದೊಡ್ಡಪ್ಪನ ಮಗ ಟೊಮೆಟೊ ಬೆಳೆಯುತ್ತಾನೆ, ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಾನೆ. ಸಾಲ ಮಾಡಿ ಹಾಕಿದ ಬೆಳೆಗೆ ಹುಳ ಬಿದ್ದರೆ ಅವನೇನು ಮಾಡಬೇಕು? ಬೆಳಗ್ಗೆ ಬದಲು ಸಂಜೆ, ಜೇನು ಮನೆ ಸೇರಿದ ಮೇಲೆ ಹೊಡಿ ಅಂತ ಕೇಳಿಕೊಂಡೆ. ಅಷ್ಟು ಮಾಡುತ್ತೀನಿ ಅಕ್ಕ ಅಂದಿದ್ದಾನೆ. ಬದುವಿಗೆ ಒಂದು ಸೇರು ಹುಚ್ಚೆಳ್ಳು ಹಾಕಲೂ ಒಪ್ಪಿದ್ದಾನೆ.

ಇಷ್ಟೆಲ್ಲ ಆದ ಮೇಲೆ ನಗರದ ಪಾರ್ಕುಗಳನ್ನು ನೋಡಿದರೆ ಸಂಕಟವಾಗುತ್ತದೆ. ನೆಲಕ್ಕೆಲ್ಲ ಹುಲ್ಲುಹಾಸು, ಅದಕ್ಕೆ ಟ್ಯಾಂಕರಿನಲ್ಲಿ ನೀರು. ಅದರ ಮೇಲೆ ಒಂದು ಚಿಟ್ಟೆ ಕೂರಲ್ಲ. ಸುತ್ತ ನರ್ಸರಿಯಿಂದ ತಂದ, ಎಸಳೇ ಎಸಳು ತುಂಬಿದ ಹೈಬ್ರಿಡ್ ಹೂ. ಹಾಗೆ ಎಸಳು ತುಂಬಿಕೊಂಡ ಹೂಗಳಲ್ಲಿ ಜೇನಿಗೆ ಸಿಗೋದು ಕಮ್ಮಿ, ಸಿಕ್ಕಿದರೂ ಬಾಯಿ ಎಟುಕಲ್ಲ. ಅದೇ ಜಾಗದಲ್ಲಿ ನಾಲ್ಕು ಹೊಂಗೆ, ಬೇಲಿಗೆ ಲಕ್ಕಿ, ಅಂಚಿಗೆ ಕಾಮಕಸ್ತೂರಿ, ತುಂಬೆ ಇದ್ದರೆ ಸಾಕು. ಬೇಸಿಗೆಯಲ್ಲಿ ಎಲ್ಲ ಒಣಗಿದಾಗ ಹೊಂಗೆ ಹೂ ಸುರಿಸುತ್ತದೆ, ಬೇವೂ ಹೂ ಬಿಡುತ್ತದೆ. ಜೇನಿಗೆ ಅದು ಹಸಿವಿನ ಕಾಲದ ಊಟ. ಇಂಥ ಗಿಡಕ್ಕೆ ಮೊದಲ ಎರಡು ವರ್ಷ ನೀರು ಕೊಟ್ಟರೆ ಆಮೇಲೆ ಅದು ನಮ್ಮನ್ನು ಕೇಳುವುದಿಲ್ಲ. ಕಮ್ಮಿ ನೀರು ಅಂದರೆ ನೀರೇ ಬೇಡ ಅಂತಲ್ಲ, ಇದನ್ನೂ ಹೇಳಬೇಕು. ಬಾಡಿದ ಗಿಡ ಹೂ ಬಿಟ್ಟರೂ ಅದರಲ್ಲಿ ಮಕರಂದ ಕಮ್ಮಿ. ಮಡಕೆ ಹೂಳೋದರಿಂದ ಆ ತೊಂದರೆಯೂ ತಪ್ಪುತ್ತದೆ.

ಈಗ ನಮ್ಮ ಹಿತ್ತಲು ನೋಡೋಕೆ ಮೊದಲಿನಷ್ಟು ನೀಟಾಗಿಲ್ಲ. ಪಾತಿಗೆಲ್ಲ ತರಗೆಲೆ, ತೆಂಗಿನ ಗರಿ ಹೊದಿಸಿದ್ದೇನೆ. ಗೋಡೆ ಪಕ್ಕ ಬಿಸಿಲು ಬೀಳುವ ಕಡೆ ಎರಡು ಮೊರದಷ್ಟು ಜಾಗ ಮಾತ್ರ ಏನೂ ಹೊದಿಸದೆ ಬರೀ ಮಣ್ಣು ಬಿಟ್ಟಿದ್ದೇನೆ. ಅಲ್ಲಿ ಪೆನ್ಸಿಲ್ ದಪ್ಪದ ತೂತುಗಳು ಬಿದ್ದಿವೆ, ಒಂಬತ್ತು. ಗುಲಾಬಿ ಎಲೆಯಲ್ಲಿ ಯಾರೋ ಬಳೆ ಇಟ್ಟು ಕತ್ತರಿಸಿದ ಹಾಗೆ ಅರ್ಧಚಂದ್ರದ ಕಚ್ಚುಗಳು. ಮೊದಲಾಗಿದ್ದರೆ ಔಷಧಿ ಹುಡುಕುತ್ತಿದ್ದೆ. ಅದು ಎಲೆ ಕತ್ತರಿಸಿ ಒಯ್ದು ಮರಿಗಳಿಗೆ ತೊಟ್ಟಿಲು ಮಾಡುವ ಒಂದು ಜೇನಿನ ಕೆಲಸ, ಗಿಡಕ್ಕೆ ಏನೂ ಆಗುವುದಿಲ್ಲ. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಚಿಟ್ಟೆಯ ಮರಿಹುಳಗಳಿವೆ. ಸಾರಿಗೆ ಬೇಕಾದ ಸೊಪ್ಪನ್ನು ಅವು ಇಲ್ಲದ ಕೊಂಬೆಯಿಂದ ಮುರಿದುಕೊಳ್ಳುತ್ತೇನೆ. ತುಳಸಿ ಕಟ್ಟೆಯ ಪಕ್ಕ ಅಗಲ ತಟ್ಟೆಯಲ್ಲಿ ನೀರು, ಅದರಲ್ಲಿ ಬೆಣಚು ಕಲ್ಲು. ಜೇನು ಕಲ್ಲಿನ ಮೇಲೆ ಕೂತು ಕುಡಿಯುತ್ತವೆ. ಕಲ್ಲಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ಏಪ್ರಿಲ್ ಬಿಸಿಲಿಗೆ ಗೂಡು ತಂಪು ಮಾಡೋಕೆ ಅವು ನೀರು ಹೊರುತ್ತವೆ, ಆ ದಿನಗಳಲ್ಲಿ ತಟ್ಟೆ ಮಧ್ಯಾಹ್ನಕ್ಕೇ ಖಾಲಿ.

ಭರಣಿ ಮಳೆ ಬಿದ್ದ ಮೇಲೆ ಕುಂಬಳದ ಬೀಜ ಮತ್ತೆ ಹಾಕಿದೆ. ಈ ಸಲ ಬಳ್ಳಿ ಹೂ ಬಿಟ್ಟ ದಿನದಿಂದ ಅಮ್ಮ ಊರಿಂದ ಬೆಳಗ್ಗೆ ಏಳಕ್ಕೆ ಫೋನ್ ಮಾಡುತ್ತಾರೆ. ತಿಂಡಿ ಆಯ್ತಾ, ಮಗು ಎದ್ದನಾ ಅನ್ನುವ ಮುಂಚೆ ಒಂದೇ ಪ್ರಶ್ನೆ. "ಇವತ್ತು ಎಷ್ಟು ಬಂದ್ವೇ?"

ನಾನು ಸ್ಟೂಲ್ ಮೇಲೆ ಕೂತು ಎಣಿಸುತ್ತಿರುತ್ತೇನೆ. "ಹದಿನಾಲ್ಕು ಅಮ್ಮ. ಇರಿ, ಇನ್ನೊಂದು ಬಂತು."